ಮಗ್ಗದ ಎಣಿಕೆ ಮತ್ತು ಕೇರಿಯ ಚರಿತ್ರೆ: ಹಾಸನ ಸೀಮೆಯ ಸಣ್ಣ ಕೈಮಗ್ಗಗಳು

ಕರ್ನಾಟಕದ ಕೈಮಗ್ಗದ ಚರಿತ್ರೆಯನ್ನು ಹೆಸರಾಂತ ಸೀರೆ, ಕಣಗಳ ಮೂಲಕ ಬರೆಯುವುದು ವಾಡಿಕೆಯಾಗಿದೆ. ಇಳಕಲ್ಲು, ಗುಳೇದಗುಡ್ಡ, ಮೊಳಕಾಲ್ಮೂರುಗಳಲ್ಲಿ ಊರಿನ ಹೆಸರೇ ಬಟ್ಟೆಯ ಹೆಸರಾಗಿ ನಿಂತಿದೆ. ಆದರೆ ನಾಡಿನ ಬಹುಪಾಲು ಜನ ಶತಮಾನಗಳ ಕಾಲ ಉಟ್ಟದ್ದು, ಹೊದ್ದದ್ದು ಇಂತಹ ಹೆಸರುವಾಸಿ ಬಟ್ಟೆಗಳನ್ನಲ್ಲ. ಹತ್ತಿರದ ಪೇಟೆಯಲ್ಲಿ ನೇಯ್ದು, ವಾರದ ಸಂತೆಯಲ್ಲಿ ಮಾರುತ್ತಿದ್ದ ಪಂಚೆ, ಸೀರೆ, ವಲ್ಲಿ, ದುಪ್ಪಟಿಗಳೇ ಅವರ ಉಡುಗೆತೊಡುಗೆಗಳಾಗಿದ್ದವು. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ಕೈಮಗ್ಗ ನೇಯ್ಗೆ ಈ ಎರಡನೆಯ ಬಗೆಗೆ ಸೇರಿದ್ದು. ಇಲ್ಲಿ ತಯಾರಾದ ಬಟ್ಟೆಗೆ ಊರ ಹೆಸರು ಅಂಟಿಕೊಳ್ಳಲಿಲ್ಲ. ದೂರದ ಮಾರುಕಟ್ಟೆಯೂ ಅದನ್ನು ಗುರುತಿಸಲಿಲ್ಲ. ಇಂತಹ ಸಣ್ಣ ಪ್ರಮಾಣದ ನೇಯ್ಗೆ ಹೇಗೆ ಬದುಕಿತ್ತು, ಯಾವ ಕಾರಣಗಳಿಂದ ಸೊರಗಿತು ಎಂಬುದನ್ನು ಕೇರಿಯ ದುಡಿಮೆಯ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಳುವ ವ್ಯವಸ್ಥೆ ಯಾವ ಕಾಲದಲ್ಲಿಯೂ ಎಣಿಸಿದ್ದು ಮಗ್ಗವನ್ನು. ಆದರೆ ಮಗ್ಗ ಬದುಕಿದ್ದು ಕೇರಿಯ ಆಸರೆಯಲ್ಲಿ. ಈ ಎರಡು ಸಂಗತಿಗಳ ನಡುವಿನ ಅಂತರವನ್ನು ಗಮನಿಸದೆ ಸಣ್ಣ ಪೇಟೆಗಳ ನೇಯ್ಗೆಯ ಅವನತಿಯನ್ನು ಸರಿಯಾಗಿ ವಿವರಿಸಲು ಸಾಧ್ಯವಿಲ್ಲ.

ಸೀಮೆ, ಪೇಟೆ ಮತ್ತು ತೆರಿಗೆ

ಈ ನಾಲ್ಕು ಪೇಟೆಗಳು ಮಲೆನಾಡು ಮತ್ತು ಬಯಲುಸೀಮೆಗಳ ನಡುವಿನ ಭೂಭಾಗದಲ್ಲಿವೆ. ಹೊಳೆನರಸೀಪುರ ಹೇಮಾವತಿಯ ದಡದ ಊರು. ಅರಕಲಗೂಡು ತಾಲ್ಲೂಕಿಗೆ ಹೇಮಾವತಿ ಮತ್ತು ಕಾವೇರಿ ಎರಡರ ಸಂಪರ್ಕವೂ ಇದೆ. ಹಿಂದೆ ಕೊಳತೂರು ಎಂಬ ಹೆಸರಿದ್ದ ಚನ್ನರಾಯಪಟ್ಟಣ, ಶ್ರವಣಬೆಳಗೊಳವನ್ನು ಒಳಗೊಂಡ ಬಯಲುಸೀಮೆಯ ಪೇಟೆ. ಪಾಳೆಯಗಾರರ ಕಾಲದಲ್ಲಿ ಹೊಳೆನರಸೀಪುರದ ನಾಯಕರ ಅಧಿಕಾರ ಚನ್ನರಾಯಪಟ್ಟಣದವರೆಗೂ ಚಾಚಿಕೊಂಡಿತ್ತು. ಕೋಟೆ, ದೇವಾಲಯ, ಸಂತೆಮಾಳಗಳು ಕೂಡಿದ ಇಂತಹ ಊರುಗಳಿಗೆ ಬಟ್ಟೆ ನೇಯುವವರು ಅವಶ್ಯವಾಗಿದ್ದರು. ಸುತ್ತಲಿನ ರಾಗಿ ಬೆಳೆಯುವ ಹಳ್ಳಿಗಳ ರೈತಾಪಿ ಜನರೇ ಅವರ ಮುಖ್ಯ ಗಿರಾಕಿಗಳಾಗಿದ್ದರು.

ಹೊಯ್ಸಳ ಹಾಗೂ ವಿಜಯನಗರ ಕಾಲದ ಕನ್ನಡ ಶಾಸನಗಳಲ್ಲಿ ಗಾಣದೆರೆ, ಮನೆದೆರೆಗಳ ಜೊತೆಯಲ್ಲಿ ಮಗ್ಗದೆರೆಯ ಪ್ರಸ್ತಾಪ ಬರುತ್ತದೆ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ೧೯೦೨ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಶಾಸನೋಕ್ತ ತೆರಿಗೆಗಳ ಈ ಕ್ರಮ ಮುಂದೆಯೂ ಬೇರೆ ರೂಪದಲ್ಲಿ ಉಳಿದುಬಂದಿತು. ಹತ್ತೊಂಬತ್ತನೆಯ ಶತಮಾನದ ಮೈಸೂರಿನಲ್ಲಿ ಮೊಹತರ್ಫಾ ಎಂಬ ಹೆಸರಿನಡಿ ಮಗ್ಗ, ಅಂಗಡಿ, ಗಾಣ, ಮನೆಗಳ ಮೇಲೆ ತೆರಿಗೆ ಎತ್ತಲಾಗುತ್ತಿತ್ತು. ಮಗ್ಗವು ಒಂದೆಡೆ ನೆಲೆಯೂರಿದ, ಕಣ್ಣಿಗೆ ಕಾಣುವ, ಸುಲಭವಾಗಿ ಮರೆಮಾಚಲಾಗದ ಉಪಕರಣವಾದ್ದರಿಂದ ಅದನ್ನು ಎಣಿಸುವುದು ಅಧಿಕಾರಿಗಳಿಗೆ ಅನುಕೂಲವಾಗಿತ್ತು. ಇಪ್ಪತ್ತನೆಯ ಶತಮಾನದ ಗಣತಿ, ಸಹಕಾರ ಸಂಘದ ಸದಸ್ಯತ್ವ, ಸಾಲ ಮತ್ತು ಸಹಾಯಧನಗಳ ಲೆಕ್ಕದಲ್ಲಿಯೂ ಮಗ್ಗವೇ ಮಾನದಂಡವಾಗಿ ಮುಂದುವರಿಯಿತು.

ನೇಯುವವರು ಯಾರು?

ಈ ಸೀಮೆಯ ನೇಯ್ಗೆ ಹತ್ತಿಬಟ್ಟೆಗಷ್ಟೇ ಸೀಮಿತವಾಗಿರಲಿಲ್ಲ. ಕುರುಬರು ಕುರಿಯ ಉಣ್ಣೆಯಿಂದ ಕಂಬಳಿ ನೇಯುತ್ತಿದ್ದರು. ಗೋಣಿಗರು ನಾರಿನಿಂದ ಗೋಣಿ ನೇಯುತ್ತಿದ್ದರು. ಹತ್ತಿ ಮತ್ತು ರೇಷ್ಮೆಯ ನೇಯ್ಗೆ ಹಳೆಯ ಮೈಸೂರಿನಲ್ಲಿ ದೇವಾಂಗ, ಪದ್ಮಸಾಲಿ, ತೊಗಟ, ಪಟ್ಟೆಗಾರ ಮೊದಲಾದ ಸಮುದಾಯಗಳ ಕುಲಕಸುಬಾಗಿತ್ತು.

೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಬೆಂಗಳೂರಿನ ಸುತ್ತಲಿನ ನೇಯ್ಗೆಯನ್ನು ವಿವರವಾಗಿ ದಾಖಲಿಸಿದ್ದಾನೆ. ಅವನ ಎರಡು ಮಾತುಗಳು ಇಲ್ಲಿ ಮುಖ್ಯ. ಮೊದಲನೆಯದು, ಬ್ರಾಹ್ಮಣರನ್ನುಳಿದು ಎಲ್ಲ ಜಾತಿಗಳ ಹೆಂಗಸರೂ ನೂಲುತ್ತಿದ್ದರು. ವಾರದ ಸಂತೆಯಲ್ಲಿ ಹತ್ತಿ ಕೊಂಡು, ನೂಲನ್ನು ನೇಕಾರರಿಗೆ ಮಾರುತ್ತಿದ್ದರು. ಎರಡನೆಯದು, ಒರಟು ಬಟ್ಟೆ ನೇಯುವವರಲ್ಲಿ ಹೊಲೆಯರೂ ಇದ್ದರು. ಹೀಗೆ ನೇಯ್ಗೆಯ ದುಡಿಮೆ ಹಲವು ಜಾತಿಗಳಲ್ಲಿ ಹರಡಿಕೊಂಡಿತ್ತು. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು ಹಾಗೂ ಜಾತಿಗಳ ಸಂಪುಟಗಳು ೧೯೨೮ರಿಂದ ೧೯೩೫ರ ಅವಧಿಯಲ್ಲಿ ಹೊರಬಂದವು. ಜಾತಿಗೊಂದು ಕಸುಬು ಎಂಬ ಇಂತಹ ವರ್ಗೀಕರಣ ಗಟ್ಟಿಯಾದಂತೆ ನೇಯ್ಗೆಯ ಚರಿತ್ರೆ ಒಂದೆರಡು ಕುಲಗಳ ಚರಿತ್ರೆಯಾಗಿ ಕಿರಿದಾಯಿತು. ನೂಲುತ್ತಿದ್ದ ರೈತಾಪಿ ಹೆಂಗಸರಿಗೂ ಒರಟು ಬಟ್ಟೆ ನೇಯುತ್ತಿದ್ದ ದಲಿತರಿಗೂ ಅದರಲ್ಲಿ ತಕ್ಕ ಸ್ಥಾನ ದೊರೆಯಲಿಲ್ಲ.

ಕೇರಿಯೇ ಕಾರ್ಯಾಗಾರ

ಗುಂಡಿಮಗ್ಗ ಮನೆಯ ಒಳಗಿರುತ್ತದೆ. ನೇಕಾರ ಗುಂಡಿಯಲ್ಲಿ ಕಾಲಿಳಿಬಿಟ್ಟು ನೆಲಮಟ್ಟದಲ್ಲಿ ಕುಳಿತು ನೇಯುತ್ತಾನೆ. ನೆಲದ ತಂಪು ಎಳೆಗಳನ್ನು ಒಣಗಗೊಡದೆ ಕಾಯುವುದರಿಂದ ಅವು ಕಡಿಯುವುದು ಕಡಿಮೆ. ಮಗ್ಗ ಮನೆಯ ಒಳಗಿದ್ದರೂ ಅದಕ್ಕೆ ಹಾಸು ಸಿದ್ಧವಾಗುವುದು ಮನೆಯ ಹೊರಗೆ. ಲಡಿಯಾಗಿ ಬಂದ ನೂಲನ್ನು ನೆನೆಸಿ, ಬೇಕಾದರೆ ಬಣ್ಣ ಕಟ್ಟಿ, ರಾಟೆಯಲ್ಲಿ ಸುತ್ತಿ, ನೆಟ್ಟ ಗೂಟಗಳ ನಡುವೆ ಹಿಂದಕ್ಕೂ ಮುಂದಕ್ಕೂ ನಡೆದು ಹಾಸು ಮಾಡಬೇಕು. ಆ ಹಾಸನ್ನು ಬೀದಿಯುದ್ದಕ್ಕೂ ಬಿಗಿದು ಚಾಚಿ, ಗಂಜಿ ಹಚ್ಚಿ, ಕುಂಚದಿಂದ ಉಜ್ಜಿ, ಎಳೆ ಎಳೆಯನ್ನೂ ಬಿಡಿಸಿ ಒಣಗಿಸಬೇಕು. ಉಂಕಿ ಎಂಬುದು ಹೀಗೆ ಚಾಚಿದ ಹಾಸಿಗೆ ಸಂಬಂಧಿಸಿದ ಹಳೆಯ ಮಾತು. ನೇಕಾರ ವಚನಕಾರ ಜೇಡರ ದಾಸಿಮಯ್ಯನ ಕಾಲದಿಂದಲೂ ಕನ್ನಡದ ಮಗ್ಗದ ಪರಿಭಾಷೆಯಲ್ಲಿ ಇಂತಹ ಪದಗಳು ಬೇರೂರಿವೆ.

ಬೀದಿಯಲ್ಲಿ ಗಂಜಿ ಹಚ್ಚುವ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಬಿಸಿಲು ಏರುವ ಮುನ್ನ, ಗಾಳಿ ಬೀಸುವ ಮುನ್ನ ಹಲವು ಕೈಗಳು ಏಕಕಾಲದಲ್ಲಿ ದುಡಿಯಬೇಕು. ತಡವಾದರೆ ಗಂಜಿ ಅಂಟಿಕೊಂಡು ಎಳೆಗಳು ಗಂಟಾಗುತ್ತವೆ. ಇದಕ್ಕಾಗಿ ನೆರೆಯ ಮನೆಗಳವರು ಒಬ್ಬರ ಹಾಸಿಗೆ ಮತ್ತೊಬ್ಬರು ಕೈಗೂಡಿಸುವ ಮುಯ್ಯಾಳಿನ ಕ್ರಮ ಅವಶ್ಯವಾಗಿತ್ತು. ಮಲೆನಾಡಿನ ಅಂಚಿನಲ್ಲಿರುವ ಅರಕಲಗೂಡು, ಹಾಸನಗಳಂತಹ ಕಡೆ ಮುಂಗಾರಿನ ಜಡಿಮಳೆ ಹಿಡಿದರೆ ಬೀದಿಯ ಕೆಲಸ ನಿಲ್ಲುತ್ತದೆ; ಬೀದಿಯ ಕೆಲಸ ನಿಂತರೆ ಮಗ್ಗವೂ ನಿಲ್ಲುತ್ತದೆ. ರೈತರ ಕೈಯಲ್ಲಿ ಹಣವಿರುವುದು ಸುಗ್ಗಿಯ ನಂತರ. ಹೀಗಾಗಿ ಮಳೆಗಾಲವು ದುಡಿಮೆಗೂ ಮಾರಾಟಕ್ಕೂ ಬಿಕ್ಕಟ್ಟಿನ ಕಾಲವಾಗಿತ್ತು. ಸಾಹುಕಾರನಿಂದ ನೂಲನ್ನು ಸಾಲವಾಗಿ ಪಡೆದು ಕೂಲಿಗೆ ನೇಯುವ ಪದ್ಧತಿ ಬೇರೂರಲು ಈ ಬಿಡುವಿನ ತಿಂಗಳುಗಳೂ ಕಾರಣವಾದವು ಎನ್ನಬಹುದು.

ಹಾಸು ಮಗ್ಗಕ್ಕೇರಿದ ಮೇಲೂ ಮತ್ತೊಂದು ಕೆಲಸ ಉಳಿಯುತ್ತದೆ. ಮುಗಿಯುತ್ತ ಬಂದ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಿನಿಂದ ಹೊಸೆದು ಸೇರಿಸಬೇಕು. ಇದನ್ನು ಕೆಚ್ಚುವುದು ಎನ್ನುತ್ತಾರೆ. ಅಂಗುಲಕ್ಕೆ ೬೦ ಎಳೆಯಂತೆ ೪೫ ಅಂಗುಲ ಅಗಲದ ಬಟ್ಟೆಗೆ ೨,೭೦೦ ಎಳೆಗಳನ್ನು ಕೆಚ್ಚಬೇಕಾಗುತ್ತದೆ. ಇದಲ್ಲದೆ ಹಣಿಗೆ ಕಟ್ಟುವವರು, ಕುಂಚ ಮಾಡುವವರು, ಲಾಳಿ ಕೆತ್ತುವ ಬಡಗಿ, ಬಣ್ಣ ಕಟ್ಟುವವರು ಇವರೆಲ್ಲರೂ ಹತ್ತಿರದಲ್ಲಿಯೇ ದೊರೆಯಬೇಕು. ಹಲವು ಮಗ್ಗಗಳಿಗೆ ಕೆಲಸ ಮಾಡಿದರೆ ಮಾತ್ರ ಇಂತಹವರ ಜೀವನ ನಡೆಯುತ್ತದೆ. ಕೇರಿಯಲ್ಲಿ ಮಗ್ಗಗಳ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಹಣಿಗೆ ಕಟ್ಟುವವರು ಬೇರೆ ಕಸುಬು ಹಿಡಿಯುತ್ತಾರೆ. ಬೀದಿಯ ಗಂಜಿ ಕೆಲಸಕ್ಕೆ ಆಳುಗಳು ಒದಗುವುದಿಲ್ಲ. ಆಗ ಬಟ್ಟೆಗೆ ಬೇಡಿಕೆ ಇದ್ದರೂ ಉಳಿದ ಮಗ್ಗಗಳು ನಿಲ್ಲುತ್ತವೆ. ನೂರಾರು ಮಗ್ಗಗಳ ದೊಡ್ಡ ಕೇಂದ್ರಗಳು ತಾಳಿಕೊಂಡ ಹೊಡೆತವನ್ನು ಸಣ್ಣ ಪೇಟೆಗಳು ತಾಳಿಕೊಳ್ಳಲಾಗದಿರುವುದಕ್ಕೆ ಇದು ಮುಖ್ಯ ಕಾರಣ.

ನೂಲಿನ ದಾರಿ

ದೇವಾಂಗ ಸಮುದಾಯದ ಮೂಲಪುರಾಣ ಈ ಸಂದರ್ಭದಲ್ಲಿ ಗಮನಾರ್ಹ. ದೇವಲ ಮಹರ್ಷಿ ವಿಷ್ಣುವಿನ ನಾಭಿಕಮಲದ ನಾಳದಿಂದ ನೂಲನ್ನು ಪಡೆದು ಬರುವಾಗ ದಾರಿಯಲ್ಲಿ ರಾಕ್ಷಸರು ಅಡ್ಡಗಟ್ಟುತ್ತಾರೆ. ಚೌಡೇಶ್ವರಿ ಪ್ರತ್ಯಕ್ಷಳಾಗಿ ಅವರನ್ನು ಸಂಹರಿಸುತ್ತಾಳೆ. ರಾಕ್ಷಸರ ರಕ್ತದಿಂದ ನೂಲಿಗೆ ಬಣ್ಣಗಳು ಬಂದವೆಂಬುದು ಕಥೆಯ ಮುಂದಿನ ಭಾಗ. ಇಲ್ಲಿ ಸಂಕಟ ಒದಗುವುದು ನೇಯುವಾಗಲ್ಲ, ನೂಲನ್ನು ಮನೆಗೆ ತರುವ ದಾರಿಯಲ್ಲಿ. ಪುರಾಣವನ್ನು ನೇರ ಚರಿತ್ರೆಯಾಗಿ ಓದುವುದು ತಪ್ಪಾಗುತ್ತದೆ. ಆದರೆ ನೂಲಿಗಾಗಿ ಪರರನ್ನು ಆಶ್ರಯಿಸಬೇಕಾದ ಕಸುಬಿನ ಆತಂಕವನ್ನು ಅದು ಹಿಡಿದಿಟ್ಟಿದೆ ಎನ್ನಲು ಅವಕಾಶವಿದೆ. ಶ್ರಾವಣ ಹುಣ್ಣಿಮೆಯನ್ನು ನೂಲಹುಣ್ಣಿಮೆ ಎಂದು ಆಚರಿಸುವುದರಲ್ಲಿಯೂ, ಆಯುಧಪೂಜೆಯಂದು ಲಾಳಿ ಮತ್ತು ಮಗ್ಗಗಳನ್ನು ಪೂಜಿಸುವುದರಲ್ಲಿಯೂ ಉಪಕರಣದಷ್ಟೇ ನೂಲಿಗೂ ಗೌರವ ಸಲ್ಲುತ್ತದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಿರಣಿಯ ನೂಲು ಮೈಸೂರು ಸೀಮೆಯನ್ನು ವ್ಯಾಪಿಸಿತು. ೧೮೮೦ರ ದಶಕದಲ್ಲಿ ಬೆಂಗಳೂರಿನಲ್ಲಿಯೇ ನೂಲಿನ ಗಿರಣಿಗಳು ಆರಂಭವಾದವು. ಗಿರಣಿ ನೂಲಿನಿಂದ ಮೊದಲು ನಿಂತದ್ದು ಮಗ್ಗವಲ್ಲ, ಕೈರಾಟೆ. ಏಕರೂಪವಾದ, ಬಿಗಿಯಾದ ಗಿರಣಿ ನೂಲು ನೇಕಾರನಿಗೆ ಅನುಕೂಲವೇ ಆಗಿತ್ತು. ಆದರೆ ಅದರಿಂದ ಎರಡು ಪರಿಣಾಮಗಳುಂಟಾದವು. ಸಂತೆಯಲ್ಲಿ ನೂಲು ಮಾರುತ್ತಿದ್ದ ಹಳ್ಳಿಯ ಹೆಂಗಸರ ಕೈಗಳಿಗೆ ಕೆಲಸ ತಪ್ಪಿತು. ನೂಲಿನ ಬೆಲೆ ಸ್ಥಳೀಯ ಸಂತೆಯ ಹಿಡಿತ ಮೀರಿ ದೂರದ ವ್ಯಾಪಾರಿಯ ಕೈಸೇರಿತು. ಲಡಿಯ ಲೆಕ್ಕವೂ ಹೊಸದಾಗಿ ಬಂದಿತು. ೮೪೦ ಗಜ ಉದ್ದದ ಎಷ್ಟು ಲಡಿಗಳು ಒಂದು ಪೌಂಡು ತೂಗುತ್ತವೆಯೋ ಅದೇ ನೂಲಿನ ನಂಬರು. ಈ ಪ್ರಕಾರ ೪೦ನೇ ನಂಬರಿನ ಒಂದು ಪೌಂಡು ನೂಲು ೩೩,೬೦೦ ಗಜ ಉದ್ದವಿರುತ್ತದೆ. ಹಾಸಿನ ಉದ್ದವನ್ನು ಮೊಳದಲ್ಲಿ ಅಳೆಯುತ್ತಿದ್ದ ಕೇರಿಯವರು ಪೌಂಡು, ನಂಬರುಗಳ ಲೆಕ್ಕಕ್ಕೆ ಹೊಂದಿಕೊಳ್ಳಬೇಕಾಯಿತು.

೧೯೧೦ರ ದಶಕದಲ್ಲಿ ಮೈಸೂರು-ಅರಸೀಕೆರೆ ರೈಲುಮಾರ್ಗ ನಿರ್ಮಾಣವಾಗಿ ಹೊಳೆನರಸೀಪುರ ಮತ್ತು ಹಾಸನಗಳು ರೈಲಿನ ಸಂಪರ್ಕ ಪಡೆದವು. ನೂಲಿನ ಗಂಟುಗಳನ್ನು ತಂದ ರೈಲು ಗಿರಣಿಯ ಬಟ್ಟೆಯನ್ನೂ ತಂದಿತು. ಅರಕಲಗೂಡು ಈ ಮಾರ್ಗದಿಂದ ಹೊರಗುಳಿಯಿತು. ಚನ್ನರಾಯಪಟ್ಟಣದ ಮೂಲಕ ಹಾಸನವನ್ನು ಬೆಂಗಳೂರಿಗೆ ಸೇರಿಸುವ ನೇರ ರೈಲುಮಾರ್ಗ ಪೂರ್ಣವಾಗಿ ತೆರೆದದ್ದು ೨೦೧೭ರಲ್ಲಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನೂಲಿನ ಅಭಾವ ತೀವ್ರವಾಯಿತು. ಬ್ರಿಟಿಷ್ ಇಂಡಿಯಾದಲ್ಲಿ ೧೯೪೩ರ ಹತ್ತಿಬಟ್ಟೆ ಮತ್ತು ನೂಲು ನಿಯಂತ್ರಣ ಆದೇಶದೊಂದಿಗೆ ನೂಲು ನಿಯಂತ್ರಿತ ವಸ್ತುವಾಯಿತು. ಮೈಸೂರು ಸಂಸ್ಥಾನದಲ್ಲಿ ೧೯೦೫ರ ಸಹಕಾರ ಸಂಘಗಳ ರೆಗ್ಯುಲೇಷನ್ನಿನಿಂದ ಆರಂಭವಾಗಿದ್ದ ಸಹಕಾರ ಚಳವಳಿಗೆ ನೇಯ್ಗೆಯ ಕ್ಷೇತ್ರದಲ್ಲಿ ಬಲ ಬಂದದ್ದಕ್ಕೆ ನೂಲಿನ ಹಂಚಿಕೆಯ ಅಗತ್ಯವೂ ಕಾರಣ. ಸಂಘದ ಮೂಲಕ ನೂಲು ಸಿಗುವುದೆಂದರೆ ಸಾಹುಕಾರನ ಸಾಲದಿಂದ ಬಿಡುಗಡೆ ದೊರೆಯುವುದೆಂದು ಅರ್ಥ. ಆದರೆ ಸಂಘದ ನೂಲಿನ ಪಾಲು ನಿಗದಿಯಾಗುತ್ತಿದ್ದುದು ಮಗ್ಗದ ಲೆಕ್ಕದಲ್ಲಿ. ಮಗ್ಗವಿಲ್ಲದೆ ಹಾಸು ಮಾಡುವ, ಕೆಚ್ಚುವ, ಸುತ್ತುವ ಕೆಲಸದವರಿಗೆ ಅಲ್ಲಿ ಪಾಲಿರಲಿಲ್ಲ.

ಲೆಕ್ಕಕ್ಕೆ ಬಾರದ ದುಡಿಮೆ

ಮಗ್ಗದ ಮೇಲೆ ಕುಳಿತವನನ್ನು ನೇಕಾರ ಎಂದು ದಾಖಲೆಗಳು ಕರೆದವು. ಆತನ ಹೆಂಡತಿ, ತಾಯಿ, ಮಕ್ಕಳು ಲಡಿ ಬಿಡಿಸಿ, ನೂಲು ಸುತ್ತಿ, ಲಾಳಿಗೆ ಕಂಡಿಕೆ ತುಂಬುವ ಕೆಲಸ ಮನೆಗೆಲಸದ ಭಾಗವೆಂದು ಪರಿಗಣಿತವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಗ್ಗ ಎಳೆದು ಲಾಳಿ ಓಡಿಸುವ ಸುಧಾರಿತ ಮಗ್ಗದ ಪ್ರಚಾರ ನಡೆಯಿತು. ೧೯೧೨ರಲ್ಲಿ ಮೈಸೂರಿನ ಕೈಗಾರಿಕಾ ಆಡಳಿತಕ್ಕೆ ಬಂದ ಆಲ್ಫ್ರೆಡ್ ಚಾಟರ್ಟನ್ ಅವರು ಮದರಾಸಿನಲ್ಲಿದ್ದಾಗಲೇ ಇದರಲ್ಲಿ ಆಸಕ್ತಿ ವಹಿಸಿದ್ದವರು. ಈ ಮಗ್ಗದಲ್ಲಿ ನೇಯ್ಗೆಯ ವೇಗ ಹೆಚ್ಚಿತು. ಲಾಳಿ ವೇಗವಾಗಿ ಓಡಿದಷ್ಟೂ ಕಂಡಿಕೆಗಳು ಬೇಗ ಖಾಲಿಯಾಗುತ್ತವೆ. ಅವುಗಳನ್ನು ತುಂಬುವ ಹೆಂಗಸಿನ ದುಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. ಸುಧಾರಣೆಯ ಲಾಭವನ್ನು ಗಜದ ಲೆಕ್ಕದಲ್ಲಿ ಬರೆದಿಟ್ಟವರು ಈ ಹೆಚ್ಚುವರಿ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. "ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂಬ ಗಾದೆಯಲ್ಲಿ ಬಟ್ಟೆಯ ಗುಣ ನಿರ್ಧಾರವಾಗುವುದು ನೂಲಿನಲ್ಲಿ. ನೂಲಿನ ಕೆಲಸ ಬಹುಮಟ್ಟಿಗೆ ಹೆಂಗಸರ ಕೈಯಲ್ಲಿದ್ದುದನ್ನು ನೆನೆದರೆ, ಜನಪದರ ವಿವೇಕ ದಾಖಲೆಗಳಿಗಿಂತ ಹೆಚ್ಚು ನಿಖರವಾಗಿತ್ತು ಎನ್ನಬೇಕು.

ಕೈಮಗ್ಗ ಮತ್ತು ಗಿರಣಿಗಳನ್ನು ಕುರಿತು ೧೯೪೧ರಲ್ಲಿ ನೇಮಕವಾದ, ಪಿ.ಜೆ. ಥಾಮಸ್ ಅವರ ಅಧ್ಯಕ್ಷತೆಯ ಸತ್ಯಶೋಧನಾ ಸಮಿತಿ, ದೇಶದಲ್ಲಿ ನೇಕಾರರಿಗಿಂತ ಸಹಾಯಕ ಕೆಲಸಗಾರರ ಸಂಖ್ಯೆಯೇ ಹೆಚ್ಚೆಂದು ಅಂದಾಜಿಸಿತ್ತು. ೨೦೧೯-೨೦ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ಒಟ್ಟು ೩೫ ಲಕ್ಷಕ್ಕೂ ಹೆಚ್ಚು ಕೆಲಸಗಾರರಲ್ಲಿ ಸಹಾಯಕ ಕೆಲಸಗಾರರು ಸುಮಾರು ೮.೫ ಲಕ್ಷ ಮಾತ್ರ, ಅಂದರೆ ನಾಲ್ಕನೆಯ ಒಂದು ಭಾಗಕ್ಕೂ ಕಡಿಮೆ. ಎರಡೂ ಎಣಿಕೆಗಳ ವ್ಯಾಖ್ಯೆ ಮತ್ತು ವ್ಯಾಪ್ತಿ ಬೇರೆ ಬೇರೆಯಾದ್ದರಿಂದ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಆದರೂ ಮಗ್ಗದ ಸುತ್ತಲಿನ ದುಡಿಮೆಯ ಬಳಗ ಕುಗ್ಗಿರುವ ದಿಕ್ಕನ್ನು ಅವು ಸೂಚಿಸುತ್ತವೆ. ಇದೇ ಗಣತಿಯಲ್ಲಿ ಒಟ್ಟು ಕೆಲಸಗಾರರ ಪೈಕಿ ೨೫ ಲಕ್ಷಕ್ಕೂ ಹೆಚ್ಚು ಮಂದಿ ಮಹಿಳೆಯರೆಂದು ದಾಖಲಾಗಿದೆ.

ಕಾನೂನು, ಯೋಜನೆ ಮತ್ತು ಹೆಸರಿಲ್ಲದ ಬಟ್ಟೆ

ಸ್ವಾತಂತ್ರ್ಯಾನಂತರ ಕೈಮಗ್ಗಕ್ಕೆ ಸರ್ಕಾರದ ಬೆಂಬಲ ಇಲ್ಲದಿರಲಿಲ್ಲ. ೧೯೫೨ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿ ಸ್ಥಾಪನೆಯಾಯಿತು. ೧೯೫೩ರ ಶಾಸನದಂತೆ ಗಿರಣಿ ಬಟ್ಟೆಯ ಮೇಲೆ ಹೆಚ್ಚುವರಿ ಸುಂಕ ವಿಧಿಸಿ ಖಾದಿ ಮತ್ತು ಕೈಮಗ್ಗದ ಅಭಿವೃದ್ಧಿಗೆ ಹಣ ಒದಗಿಸಲಾಯಿತು. ೧೯೭೫ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಆರಂಭವಾಯಿತು. ೧೯೮೫ರ ಕೈಮಗ್ಗ ಮೀಸಲಾತಿ ಕಾಯಿದೆಯು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಕಾಯ್ದಿರಿಸಿತು. ೧೯೯೩ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಾಯಿದೆಯನ್ನು ಎತ್ತಿಹಿಡಿಯಿತು. ಸೀರೆ, ಪಂಚೆ, ಟವಲು, ಹೊದಿಕೆ, ಜಮಖಾನ, ಕಂಬಳಿಗಳಂತಹ ಸಾಮಾನ್ಯ ಬಟ್ಟೆಗಳು ಮೀಸಲು ಪಟ್ಟಿಯಲ್ಲಿದ್ದವು. ಹಾಸನ ಸೀಮೆಯಂತಹ ಕಡೆಗಳ ಸಣ್ಣ ನೇಕಾರರಿಗೆ ಅನ್ವಯವಾಗುವ ರಕ್ಷಣೆ ಇದೇ ಆಗಿತ್ತು. ಆದರೆ ವಿದ್ಯುತ್ ಮಗ್ಗಗಳಲ್ಲಿ ಇದೇ ಬಟ್ಟೆಗಳ ಉತ್ಪಾದನೆ ನಿಲ್ಲಲಿಲ್ಲ. ಮೀಸಲು ಬಗೆಗಳ ಸಂಖ್ಯೆಯನ್ನು ೧೯೯೬ರಲ್ಲಿ ೨೨ರಿಂದ ೧೧ಕ್ಕೆ ಇಳಿಸಲಾಯಿತು. ಕೈಮಗ್ಗ ಮಂಡಳಿಯನ್ನು ೨೦೨೦ರಲ್ಲಿ ರದ್ದುಗೊಳಿಸಲಾಯಿತು.

ಇತ್ತೀಚಿನ ದಶಕಗಳಲ್ಲಿ ರಕ್ಷಣೆಯ ಮತ್ತೊಂದು ಕ್ರಮವಾಗಿ ಭೌಗೋಳಿಕ ಸೂಚಕ ಮಾನ್ಯತೆ ಬಂದಿದೆ. ಇಳಕಲ್ಲು ಮತ್ತು ಮೊಳಕಾಲ್ಮೂರು ಸೀರೆಗಳು ಈ ಮಾನ್ಯತೆ ಪಡೆದಿವೆ. ಊರ ಹೆಸರಿನಿಂದ ಪ್ರಸಿದ್ಧವಾದ ಬಟ್ಟೆಗೆ ಇದರಿಂದ ಪ್ರಯೋಜನವಿದೆ. ಹೆಸರಿಲ್ಲದ ದುಪ್ಪಟಿ, ವಲ್ಲಿಗಳಿಗೆ ಇದು ಅನ್ವಯಿಸುವುದಿಲ್ಲ. ರಾಜ್ಯ ಸರ್ಕಾರ ೨೦೨೦ರಲ್ಲಿ ಆರಂಭಿಸಿದ ನೇಕಾರ ಸಮ್ಮಾನ್ ಯೋಜನೆಯಲ್ಲಿ ಕೈಮಗ್ಗ ನೇಕಾರರ ಖಾತೆಗೆ ಮೊದಲಿಗೆ ವರ್ಷಕ್ಕೆ ೨,೦೦೦ ರೂಪಾಯಿ ನೇರವಾಗಿ ಜಮೆಯಾಗುವ ವ್ಯವಸ್ಥೆಯಾಯಿತು. ಇಂತಹ ನೆರವು ಒಂದು ಸಂಸಾರಕ್ಕೆ ತಲುಪುತ್ತದೆ. ಹಾಸು ಚಾಚಲು ಬೇಕಾದ ಬೀದಿಯನ್ನಾಗಲೀ ಹಣಿಗೆ ಕಟ್ಟುವ ಕೈಯನ್ನಾಗಲೀ ಅದು ಮರಳಿ ತರಲಾರದು.

ಇದೇ ಅವಧಿಯಲ್ಲಿ ಸೀಮೆಯ ದುಡಿಮೆಯ ಸ್ವರೂಪವೂ ಬದಲಾಯಿತು. ೧೯೭೯ರಲ್ಲಿ ಗೊರೂರಿನ ಹೇಮಾವತಿ ಜಲಾಶಯ ಪೂರ್ಣಗೊಂಡ ಮೇಲೆ ನಾಲೆಯ ನೀರು ಕೃಷಿಯ ಕೆಲಸವನ್ನು ಹೆಚ್ಚಿಸಿತು. ೨೦೦೭ರ ಸುಮಾರಿಗೆ ಹಾಸನದ ವಿಶೇಷ ಆರ್ಥಿಕ ವಲಯದಲ್ಲಿ ಹಿಮತ್‌ಸಿಂಗ್‌ಕಾ ಸಂಸ್ಥೆಯ ಹಾಸಿಗೆ ವಸ್ತ್ರಗಳ ಬೃಹತ್ ಕಾರ್ಖಾನೆ ಕಾರ್ಯಾರಂಭ ಮಾಡಿತು. ಹಾಸನದ ಹೆಸರು ಹೊತ್ತ ಬಟ್ಟೆ ಉದ್ಯಮ ಹೀಗೆ ವಿದೇಶಿ ಮಾರುಕಟ್ಟೆಗೆ ತಲುಪಿದ್ದು ಕೈಮಗ್ಗದ ಮುಂದುವರಿಕೆಯಾಗಿ ಅಲ್ಲ. ಕೇರಿಯ ಜ್ಞಾನಕ್ಕೂ ಕಾರ್ಖಾನೆಯ ಕೆಲಸಕ್ಕೂ ನಡುವೆ ಯಾವ ಕೊಂಡಿಯೂ ಏರ್ಪಡಲಿಲ್ಲ.

ಉಪಸಂಹಾರ

ಗಿರಣಿ ಮತ್ತು ವಿದ್ಯುತ್ ಮಗ್ಗಗಳ ಪೈಪೋಟಿಯಿಂದ ಕೈಮಗ್ಗ ಸೋತಿತು ಎಂಬ ವಿವರಣೆ ಸರಿಯಾದುದೇ. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂತಹ ಸಣ್ಣ ನೆಲೆಗಳ ಮಟ್ಟಿಗೆ ಅದು ಅಪೂರ್ಣ. ಇಲ್ಲಿ ಮೊದಲು ಸಡಿಲವಾದದ್ದು ಮಗ್ಗದ ಹಿಂದಿನ ದುಡಿಮೆಯ ಸಂಬಂಧಗಳು. ನೂಲುವವರು ಮೊದಲು ಹೋದರು. ಬಣ್ಣ ಕಟ್ಟುವವರು, ಹಣಿಗೆ ಕಟ್ಟುವವರು, ಬೀದಿಯಲ್ಲಿ ಕೈಗೂಡಿಸುವವರು ನಂತರ ಮರೆಯಾದರು. ಕೊನೆಗೆ ನಿಂತದ್ದು ಮಗ್ಗ. ಮಗ್ಗವೊಂದನ್ನೇ ಎಣಿಸುತ್ತ ಬಂದ ದಾಖಲೆಗಳಿಗೆ ಈ ಕೊನೆಯ ಹಂತ ಮಾತ್ರ ಗೋಚರಿಸಿತು.

ಆದ್ದರಿಂದ ಸಣ್ಣ ಪೇಟೆಗಳ ನೇಯ್ಗೆಯನ್ನು ಅಧ್ಯಯನ ಮಾಡುವವರು ಮಗ್ಗದ ಸಂಖ್ಯೆಯ ಜೊತೆಯಲ್ಲಿಯೇ ಕೇರ‍ಿಯ ವಿನ್ಯಾಸ, ಬೀದಿಯ ಅಳತೆ, ಹಾಸಿನ ಪರಿಭಾಷೆ, ಮುಯ್ಯಾಳಿನ ಕ್ರಮ ಹಾಗೂ ಹೆಂಗಸರ ನೆನಪುಗಳನ್ನು ಆಕರಗಳಾಗಿ ಪರಿಗಣಿಸಬೇಕಾಗಿದೆ. ಹಾಸುಹೊಕ್ಕು ಎಂಬ ಮಾತು ಇಂದಿಗೂ ಕನ್ನಡದ ನಿತ್ಯಬಳಕೆಯಲ್ಲಿದೆ. ಆದರೆ ಉಂಕಿ, ಕೆಚ್ಚು, ಕಂಡಿಕೆಗಳಂತಹ ಪದಗಳನ್ನು ಅರ್ಥಸಹಿತ ಬಲ್ಲವರು ಕಸುಬಿನಲ್ಲಿ ಕೈಯಾಡಿಸಿದ ಹಿರಿಯ ತಲೆಮಾರಿನವರು. ಅವರಲ್ಲಿ ಹಲವರ ಹೆಸರು ಯಾವ ಮಗ್ಗದ ಪಟ್ಟಿಯಲ್ಲಿಯೂ ಇರುವುದಿಲ್ಲ. ಅವರಿಂದ ಈ ತಿಳಿವಳಿಕೆಯನ್ನು ದಾಖಲಿಸಿಕೊಳ್ಳುವ ಕ್ಷೇತ್ರಕಾರ್ಯ ಜಾನಪದ ಅಧ್ಯಯನದ ಮುಂದಿರುವ ತುರ್ತಿನ ಕೆಲಸವಾಗಿದೆ.